ಬರಿಹೊಟ್ಟೆಯ ಚಹಾ ಮತ್ತು ಬೆಳಗಿನ ನಡಿಗೆ

ನಿಪ್ಪಾಣಿ, ಚಿಕ್ಕೋಡಿಯಿಂದ ರಾಯಬಾಗ, ಅಥಣಿ, ಕಾಗವಾಡದವರೆಗೆ ನಮ್ಮ ಭಾಗದ ಬೆಳಗು ಚಹಾದಿಂದಲೇ ಆರಂಭವಾಗುತ್ತದೆ. ಮಧುಮೇಹವಿದೆಯೆಂದು ತಿಳಿದ ಮೇಲೆ ಅನೇಕರು ಚಹಾದೊಳಗಿನ ಸಕ್ಕರೆಯನ್ನು ಬಿಟ್ಟು ಬೆಳಗಿನ ನಡಿಗೆಯನ್ನು ರೂಢಿಸಿಕೊಂಡಿದ್ದಾರೆ. ಎರಡೂ ಮೆಚ್ಚತಕ್ಕವು. ಆದರೆ ಸಕ್ಕರೆಯಿಲ್ಲದ ಚಹಾವನ್ನೇ ಆಹಾರವೆಂದು ನಂಬಿ ನಡೆಯ ಹೊರಡುವುದು ಅಪಾಯಕರ.

ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಮಧುಮೇಹದ ಗುಳಿಗೆ ನುಂಗಿ, ಸಕ್ಕರೆಯಿಲ್ಲದ ಚಹಾ ಕುಡಿದು, ಬೇರೇನನ್ನೂ ತಿನ್ನದೆ ಕಬ್ಬಿನ ಹೊಲಗಳ ನಡುವೆ ಒಂದು ಗಂಟೆ ನಡೆದರು. ಮರಳುವಾಗ ಮೈ ಬೆವರಿ ಕೈ ನಡುಗಿತು. ಆಯಾಸವೆಂದು ಭಾವಿಸಿ ದಾರಿಯ ಅಂಗಡಿಯಲ್ಲಿ ಮತ್ತೊಮ್ಮೆ ಅಂಥದೇ ಚಹಾ ಕುಡಿದರು, ಅಲ್ಲಿಯೇ ಕುಸಿದರು. ನನ್ನ ಬಳಿಗೆ ಕರೆತಂದಾಗ ರಕ್ತದ ಸಕ್ಕರೆ 52 ಇತ್ತು. ಎಚ್ಚರವಿದ್ದುದರಿಂದ ಸಕ್ಕರೆ ಕದಡಿದ ನೀರು ಕುಡಿಸಿದೆ; ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು.

ಚಹಾದಲ್ಲಿರುವ ಕೆಫೀನ್ ದಣಿವನ್ನು ನೀಗುವುದಿಲ್ಲ, ಮರೆಮಾಚುತ್ತದೆ. ದಣಿವಿನ ಸೂಚನೆಯನ್ನು ಮೆದುಳಿಗೆ ಮುಟ್ಟಿಸುವ ಅಡಿನೋಸಿನ್ ಎಂಬ ದ್ರವ್ಯದ ಕಾರ್ಯವನ್ನು ಅದು ತಡೆಯುತ್ತದೆ. ಅಡ್ರಿನಲಿನ್ ಹೆಚ್ಚಿಸಿ, ಇನ್ಸುಲಿನ್ನಿನ ಪ್ರಭಾವವನ್ನು ಕೆಲಕಾಲ ಕುಗ್ಗಿಸುತ್ತದೆ. ಆದ್ದರಿಂದಲೇ ಕೆಲವರಲ್ಲಿ ಚಹಾ-ಕಾಫಿಯ ನಂತರ ರಕ್ತದ ಸಕ್ಕರೆ ತುಸು ಏರುವುದುಂಟು. ಇತ್ತ ನಡೆಯುವಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಸೆಳೆದುಕೊಳ್ಳುತ್ತವೆ; ಗ್ಲಿಮೆಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ಅದನ್ನು ಇನ್ನಷ್ಟು ಇಳಿಸುತ್ತದೆ. ಈ ಇಳಿಕೆಯನ್ನು ತಡೆಯಲು ಒಂದು ಕಪ್ಪು ಚಹಾವನ್ನು ನಂಬಲಾಗದು. ಕ್ರೀಡಾಪಟುಗಳ ಮೇಲಿನ ಅಧ್ಯಯನಗಳಲ್ಲಿ ದೇಹತೂಕದ ಕಿಲೋಗೆ 3ರಿಂದ 6 ಮಿಲಿಗ್ರಾಂ ಕೆಫೀನ್ ಕೊಡುವುದು ವಾಡಿಕೆ. ಒಂದು ಕಪ್ಪು ಚಹಾದಲ್ಲಿರುವುದು ಸುಮಾರು 30ರಿಂದ 50 ಮಿಲಿಗ್ರಾಂ ಮಾತ್ರ.

ಇನ್ನೊಂದು ತೊಡಕೂ ಉಂಟು. ಎದೆಬಡಿತ ಹಾಗೂ ಕೈನಡುಕಗಳು ಹೆಚ್ಚು ಚಹಾ ಕುಡಿದಾಗಲೂ ಬರುತ್ತವೆ, ಸಕ್ಕರೆ ಇಳಿದಾಗಲೂ ಬರುತ್ತವೆ. ಮಧುಮೇಹಿಗಳು ಎರಡನೆಯದನ್ನೇ ಮೊದಲು ಶಂಕಿಸಬೇಕು.

ಚರಕಸಂಹಿತೆಯು ಪ್ರಮೇಹದ ಕಾರಣಗಳಲ್ಲಿ ಕುಳಿತಲ್ಲೇ ಕುಳಿತಿರುವ ಸುಖವನ್ನೂ ಬೆಲ್ಲದ ಪದಾರ್ಥಗಳನ್ನೂ ಎಣಿಸಿದೆ. ಕಬ್ಬಿನ ಸೀಮೆಯವರಾದ ನಮಗೆ ಇದು ನೇರವಾಗಿ ಅನ್ವಯಿಸುವ ಮಾತು. ಸುಶ್ರುತಸಂಹಿತೆಯಾದರೋ ವ್ಯಾಯಾಮವನ್ನು ಅರ್ಧಬಲದಷ್ಟೇ ಮಾಡಬೇಕೆನ್ನುತ್ತದೆ. ಚಹಾದ ಹುರುಪಿನಲ್ಲಿ ಆ ಅರ್ಧದ ಗೆರೆ ಎಲ್ಲಿದೆಯೆಂಬುದೇ ತಿಳಿಯದೆ ಹೋಗಬಹುದು.

ಆದ್ದರಿಂದ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಗಮನಿಸತಕ್ಕ ಅಂಶಗಳಿವು. ನಡಿಗೆಗೆ ಮುನ್ನ, ಗುಳಿಗೆಯನ್ನು ಯಾವಾಗ ನುಂಗಬೇಕು, ಏನು ತಿನ್ನಬೇಕು ಎಂಬುದನ್ನು ನಿಮ್ಮ ವೈದ್ಯರನ್ನು ಕೇಳಿರಿ. ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿರಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಚಹಾ ಕುಡಿದ ದಿನವೂ ಕುಡಿಯದ ದಿನವೂ ನಡಿಗೆಯ ಮೊದಲು ಮತ್ತು ನಂತರ ಪರೀಕ್ಷಿಸಿ ಬರೆದಿಡಿರಿ. ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರಲಿ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ ನಡುಕ, ಬೆವರು ಕಂಡರೆ ಕೂಡಲೇ ಕುಳಿತು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷದ ನಂತರವೂ ಸುಧಾರಿಸದಿದ್ದರೆ ಪುನಃ ಕುಡಿಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

ಆ ಶಿಕ್ಷಕರು ಇಂದಿಗೂ ನಡೆಯುತ್ತಾರೆ, ಚಹಾವನ್ನೂ ಕುಡಿಯುತ್ತಾರೆ. ಮೊದಲು ಅರ್ಧ ರೊಟ್ಟಿ ತಿನ್ನುತ್ತಾರೆ, ಅಷ್ಟೇ.