ಹರಾರತ್‌ನಿಂದ ಹೀಟ್‌ಗೆ: ಬೀದರಿನ ಭೌತಶಾಸ್ತ್ರದ ದಾರಿ

ಹರಾರತ್, ನೂರ್, ಬರ್ಕ್, ಮಕ್ನಾತೀಸ್. ನೂರು ವರ್ಷದ ಹಿಂದೆ ಭಾಲ್ಕಿ, ಔರಾದ್ ಕಡೆಯ ಹುಡುಗ ಹೈದರಾಬಾದಿಗೆ ಹೋಗಿ ಭೌತಶಾಸ್ತ್ರ ಓದಬೇಕೆಂದರೆ ಶಾಖ, ಬೆಳಕು, ವಿದ್ಯುತ್ತು, ಕಾಂತತೆಗಳನ್ನು ಉರ್ದುವಿನಲ್ಲೇ ಕಲಿಯಬೇಕಿತ್ತು. ಬೀದರ್ ಆಗ ನಿಜಾಮರ ಸೀಮೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದು. ಅದಕ್ಕೆ ಬೇಕಾದ ಪುಸ್ತಕಗಳನ್ನು ಸಿದ್ಧಪಡಿಸಲೆಂದೇ ‘ದಾರುಲ್ ತರ್ಜುಮಾ’ ಎಂಬ ಅನುವಾದ ಇಲಾಖೆಯಿತ್ತು. ದೇಶಭಾಷೆಯಲ್ಲಿ ಪದವಿಯ ವಿಜ್ಞಾನ ಕಲಿಸಬಹುದೆಂದು ತೋರಿಸಿದ ದಿಟ್ಟ ಕೆಲಸ ಅದು.

ಅದೇ 1918ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ವಿಜ್ಞಾನಕ್ಕೆ ಕನ್ನಡದ ಮಾತು ಹೊಂದಿಸುವ ಆ ಪ್ರಯತ್ನ ಎರಡೇ ವರ್ಷಕ್ಕೆ ನಿಂತಿತು.

ಬೀದರಿನಲ್ಲಿ ಕನ್ನಡ ಅಕ್ಷರ ಕಲಿಸುವುದೇ ಕಷ್ಟವಿತ್ತು. ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ನಡೆಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರನ್ನು ಇಲ್ಲಿನವರು ಇಂದಿಗೂ ನೆನೆಯುತ್ತಾರೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಉಸ್ಮಾನಿಯಾಕ್ಕೆ ಇಂಗ್ಲಿಷ್ ಬಂತು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯ ಸೇರಿತು. ಶಾಲೆಗೆ ಕನ್ನಡ ಬಂತು, ಕಾಲೇಜಿನ ಭೌತಶಾಸ್ತ್ರಕ್ಕೆ ಮಾತ್ರ ಬರಲಿಲ್ಲ.

ಅದರಿಂದ ಏನು ನಷ್ಟವೆಂದು ತಿಳಿಯಲು, ಪ್ರಯೋಗಶಾಲೆಯಲ್ಲಿ ಕಾಂತದ ಬಲ ಅಳೆಯುವ ಡಿಫ್ಲೆಕ್ಷನ್ ಮ್ಯಾಗ್ನೆಟೋಮೀಟರನ್ನೇ ನೋಡಿ. ಎರಡು ತೋಳುಗಳ ನಡುವೆ ದುಂಡನೆಯ ಡಬ್ಬಿ, ಅದರಲ್ಲಿ ಪುಟ್ಟ ಕಾಂತಸೂಜಿ, ಸೂಜಿಗೆ ಅಡ್ಡಲಾಗಿ ಉದ್ದನೆಯ ಅಲ್ಯೂಮಿನಿಯಂ ಮುಳ್ಳು, ಕೆಳಗೆ ಕನ್ನಡಿ. ಮುಳ್ಳು ತನ್ನ ಬಿಂಬವನ್ನು ಮುಚ್ಚುವಂತೆ ನೇರ ಮೇಲಿನಿಂದ ನೋಡಿ ಅಳತೆ ಬರೆದುಕೊಳ್ಳಬೇಕು. ಮುಳ್ಳಿನ ಎರಡೂ ತುದಿ, ತೋಳಿನ ಮೇಲಿಟ್ಟ ಕಾಂತವನ್ನು ತಿರುಗಿಸಿಟ್ಟು ಮತ್ತೆರಡು, ಆಚೆ ತೋಳಿನಲ್ಲೂ ಹಾಗೆಯೇ: ಒಟ್ಟು ಎಂಟು ಅಳತೆ. ಸೂಜಿಯನ್ನು ಇತ್ತ ಎಳೆಯುವುದು ಮೇಜಿನ ಮೇಲಿನ ಕಾಂತ, ಅತ್ತ ಎಳೆಯುವುದು ಇಡೀ ಭೂಮಿ. ಇದನ್ನು ತನ್ನ ಮಾತಿನಲ್ಲಿ ತಿಳಿದ ಹುಡುಗಿಗೆ ‘ಟ್ಯಾನ್ ತೀಟಾ’ ಸೂತ್ರ ತಾನಾಗಿ ಅರ್ಥವಾಗುತ್ತದೆ. ತಿಳಿಯದವಳು ಉರು ಹೊಡೆಯುತ್ತಾಳೆ.

ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಊರಿನಿಂದ ಬರುವ ಮಕ್ಕಳ ಕಿವಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇವೆ. ‘ಹೀಟ್’ ಎನ್ನುವ ಮುನ್ನ ‘ಧಗಿ’ ಎನ್ನಿ, ‘ಮ್ಯಾಗ್ನೆಟ್’ ಎನ್ನುವ ಮುನ್ನ ಸೂಜಿಗಲ್ಲು, ಚುಂಬಕ ಎನ್ನಿ. ಅಧ್ಯಾಪಕರೇ, ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ. ಮೊದಲ ಹತ್ತು ನಿಮಿಷದ ಪಾಠ ಮಕ್ಕಳ ಮನೆಮಾತಿನಲ್ಲಿ ನಡೆಯಲಿ.