ಕಣ್ಣಿಗೂ ದಾರಿಗೂ ನಡುವೆ

ಆಷಾಢದ ಮಳೆ, ಕತ್ತಲಾಗುವ ಹೊತ್ತು. ಸಕಲೇಶಪುರವನ್ನು ದಾಟಿದ ಕಾರೊಂದು ಶಿರಾಡಿ ಘಟ್ಟವನ್ನು ಇಳಿಯುತ್ತಿದೆ. ಹಿಂದಿನ ಸೀಟಿನಲ್ಲಿ ಮಕ್ಕಳು ತಾಯಿಗೆ ಒರಗಿ ನಿದ್ರಿಸಿದ್ದಾರೆ. ತಿರುವಿನಲ್ಲಿ ಲಾರಿಯೊಂದರ ದೀಪ ಎದುರಾಗುತ್ತದೆ. ಒಡನೆಯೇ ಮುಂದಿನ ಗಾಜಿನ ಮೇಲೆ ನೂರಾರು ಬೆಳ್ಳಿಗೆರೆಗಳು ಹೊಳೆದು, ದಾರಿ ಕಾಣದಂತಾಗುತ್ತದೆ. ಎರಡೇ ಸೆಕೆಂಡು! ಆದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ಕಾರು ಅಷ್ಟರಲ್ಲಿ 22 ಮೀಟರು ದೂರವನ್ನು ಕುರುಡಾಗಿ ಕ್ರಮಿಸಿರುತ್ತದೆ.

ಮರುದಿನ ಯಜಮಾನರು ವರ್ಕ್‌ಷಾಪಿಗೆ ದೂರು ಒಯ್ಯುತ್ತಾರೆ. ಹಗಲ ಬೆಳಕಿನಲ್ಲಿ ಗಾಜನ್ನು ನೋಡಿದ ಮೇಸ್ತ್ರಿ, "ಗಾಜು ಚೆನ್ನಾಗಿಯೇ ಇದೆ, ಸಾರ್. ಒಂದು ಸಲ ಕಣ್ಣು ತೋರಿಸಿಕೊಳ್ಳಿ" ಎಂದುಬಿಡುತ್ತಾನೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ಅವನ ಮನಸ್ಸಿನಲ್ಲಿರಬಹುದು. ಆದರೆ ನೆಲ ನಿಜವಾಗಿಯೇ ಡೊಂಕಾಗಿರುವುದೂ ಉಂಟಷ್ಟೆ!

ಗಾಜಿನ ದೂರನ್ನು ಹಗುರವಾಗಿ ಕಾಣುವುದು ಹೊಸದೇನಲ್ಲ. ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ, ಚಳಿಗಾಲದ ನ್ಯೂಯಾರ್ಕಿನಲ್ಲಿ ಟ್ರಾಮಿನ ಚಾಲಕ ಗಾಜಿನ ಮೇಲಣ ಹಿಮದಿಂದ ಪಡುತ್ತಿದ್ದ ಪಾಡನ್ನು ಕಂಡು, ಒಳಗಿನಿಂದಲೇ ಆಡಿಸಬಹುದಾದ ಒರೆಸುಕಡ್ಡಿಯನ್ನು ರೂಪಿಸಿದಳು. 1903ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಆದರೆ ಅದರಿಂದ ಲಾಭವಿಲ್ಲವೆಂದು ಕೆನಡಾದ ಸಂಸ್ಥೆಯೊಂದು ಅದನ್ನು ಕೊಳ್ಳಲು ಒಪ್ಪಲಿಲ್ಲ. ಇಂದು ವೈಪರ್ ಇಲ್ಲದ ಕಾರನ್ನು ಯಾರಾದರೂ ಊಹಿಸಬಲ್ಲರೆ?

ಇಂದಿನ ಮುಂದಿನ ಗಾಜು ಒಂಟಿ ಹಾಳೆಯಲ್ಲ. ಎರಡು ಗಾಜಿನ ಹಾಳೆಗಳ ನಡುವೆ ಪಾರದರ್ಶಕವಾದ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದಿರುತ್ತಾರೆ. ಅಪಘಾತದಲ್ಲಿ ಒಡೆದರೂ ಚೂರುಗಳು ಆ ಪದರಕ್ಕೆ ಅಂಟಿಕೊಂಡೇ ಉಳಿಯುತ್ತವೆ. ಪ್ರಾಣ ಉಳಿಸುವ ಈ ಗಾಜಿಗೂ ತನ್ನದೇ ಆದ ರೋಗಗಳಿವೆ. ಅಂಚಿನಿಂದ ಪದರ ಬಿಡಲಾರಂಭಿಸಿದರೆ ಹಾಲಿನಂಥ ಮಸುಕು ಹಬ್ಬುತ್ತದೆ. ಅದನ್ನು ಎಷ್ಟು ಒರೆಸಿದರೂ ಹೋಗದು. ಕಾಯಿಸಿ ಬಾಗಿಸುವಾಗ ಹದ ತಪ್ಪಿದರೆ ನೆಟ್ಟಗಿನ ಕಂಬವೂ ಅಲೆಯಂತೆ ಬಳುಕಿ ತೋರುತ್ತದೆ.

ತಪ್ಪು ಗಾಜಿನದೋ ಕಣ್ಣಿನದೋ ಎಂಬುದನ್ನು ಮನೆಯವರೇ ಪರೀಕ್ಷಿಸಿಕೊಳ್ಳಬಹುದು. ಕಾರನ್ನು ನಿಲ್ಲಿಸಿ, ದೂರದ ವಿದ್ಯುತ್ ಕಂಬವೊಂದನ್ನು ನೋಡುತ್ತ ತಲೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸಬೇಕು. ಕಂಬ ಬಳುಕಿದರೆ, ಅದನ್ನೇ ಪಕ್ಕದ ಕಿಟಕಿಯ ಗಾಜನ್ನಿಳಿಸಿ ನೋಡಬೇಕು. ಆಗ ನೆಟ್ಟಗೆ ನಿಂತರೆ ದೋಷ ಗಾಜಿನದೇ.

ಆದರೆ ಎಲ್ಲ ದೂರುಗಳಿಗೂ ತಯಾರಕರೇ ಹೊಣೆಯಲ್ಲ. ಹೊಸ ಕಾರಿನ ಒಳಗಿನ ಮಂಜುಪೊರೆ ಅನೇಕ ವೇಳೆ ಪ್ಲಾಸ್ಟಿಕ್ ಭಾಗಗಳಿಂದ ಹೊರಟ ಆವಿಯ ಲೇಪ; ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ತಿಕ್ಕಿದರೆ ಹೋಗುತ್ತದೆ. ಘಟ್ಟದಲ್ಲಿ ಹೊಳೆದ ಆ ಬೆಳ್ಳಿಗೆರೆಗಳಾದರೋ ಬಹುಮಟ್ಟಿಗೆ ವೈಪರಿನ ಕೃತ್ಯ. ಗಡುಸಾದ ರಬ್ಬರಿನ ಅಡಿ ಮರಳ ಕಣ ಸಿಕ್ಕಿಕೊಂಡು, ಒಣ ಗಾಜಿನ ಮೇಲೆ ಕಮಾನು ಕಮಾನಾಗಿ ಗೀರುತ್ತದೆ. ಹಗಲಲ್ಲಿ ಅಡಗಿರುವ ಗೀರು ಎದುರು ದೀಪಕ್ಕೆ ಹೊಳೆಯುತ್ತದೆ. ಉಗುರಿಗೆ ತಗಲುವಷ್ಟು ಆಳದ ಗೀರನ್ನು ಉಜ್ಜಿ ತೆಗೆಯಹೋದರೆ ಗಾಜು ಅಲ್ಲಿ ತಗ್ಗಾಗಿ, ನೋಟವೇ ಡೊಂಕಾಗುತ್ತದೆ.

ಇನ್ನು ಬಿಸಿಲ ಝಳಕ್ಕೆ ಹೆದರಿ ಕಪ್ಪು ಹಾಳೆ ಅಂಟಿಸುವ ಚಪಲ. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇಕಡ 70ರಷ್ಟು, ಪಕ್ಕದವು 50ರಷ್ಟು ಬೆಳಕನ್ನು ಬಿಡಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮ. 2012ರಲ್ಲಿ ಸುಪ್ರೀಂ ಕೋರ್ಟು ಕಪ್ಪು ಹಾಳೆಗಳನ್ನು ನಿಷೇಧಿಸಿತು. ಲೆಕ್ಕ ಸರಳವಾಗಿದೆ: 70 ಪಾಲು ಬೆಳಕು ಬಿಡುವ ಗಾಜಿಗೆ ಅರ್ಧವನ್ನೇ ಬಿಡುವ ಹಾಳೆ ಸೇರಿದರೆ ಕಣ್ಣಿಗೆ ಉಳಿಯುವುದು 35 ಪಾಲು. ಮಧ್ಯಾಹ್ನದ ತಂಪಿಗಾಗಿ ರಾತ್ರಿಯ ನೋಟವನ್ನು ಮಾರಿಕೊಂಡಂತೆ!

ಆದುದರಿಂದ ಹೊಸ ಕಾರನ್ನು ಕೊಳ್ಳುವವರು ಹಗಲಿನಲ್ಲಿ ಮಾತ್ರವಲ್ಲ, ದೀಪ ಹಚ್ಚಿದ ಮೇಲೂ ಒಮ್ಮೆ ಗಾಜಿನ ಮೂಲಕ ನೋಡಬೇಕು. ದೋಷ ಕಂಡರೆ ಬಾಯಿಮಾತಿನಲ್ಲಿ ಬಿಡದೆ, ಛಾಯಾಚಿತ್ರದೊಡನೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಅದಕ್ಕೂ ಕಿವಿಗೊಡದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ವೈಪರಿನ ರಬ್ಬರನ್ನು ಮಳೆಗಾಲಕ್ಕೆ ಮುನ್ನ ಬದಲಾಯಿಸುವುದು ಮಾತ್ರ ಯಜಮಾನರದೇ ಕೆಲಸ.

ಮೇಸ್ತ್ರಿ ಹೇಳಿದಂತೆ ಕಣ್ಣನ್ನೂ ತೋರಿಸಿಕೊಳ್ಳಲಿ. ಅದರಲ್ಲಿ ಹಾನಿಯೇನೂ ಇಲ್ಲ. ಆದರೆ ಗಾಜನ್ನು ಪರೀಕ್ಷಿಸದೆ ಕಣ್ಣನ್ನು ದೂರುವುದು ಸಲ್ಲದು. ಹಿಂದಿನ ಸೀಟಿನಲ್ಲಿ ನಿದ್ರಿಸುವ ಮಕ್ಕಳ ನೆಮ್ಮದಿ ಆ ಎರಡನ್ನೂ ನಂಬಿಕೊಂಡಿದೆ.