ಅಧಿಕ ವೋಲ್ಟೇಜ್ ಪ್ರೋಬ್: ಸಣ್ಣ ಕೈಗಾರಿಕೆಗಳಿಗೆ ಉಪಯುಕ್ತ ಹೂಡಿಕೆ

ಯು.ಪಿ.ಎಸ್., ಇನ್ವರ್ಟರ್, ಎಲ್.ಇ.ಡಿ. ಡ್ರೈವರ್ ಮೊದಲಾದವುಗಳನ್ನು ತಯಾರಿಸುವ ಸಣ್ಣ ಘಟಕಗಳ ಲಾಭವನ್ನು ಸದ್ದಿಲ್ಲದೆ ಕರಗಿಸುವ ವೆಚ್ಚವೆಂದರೆ ವಾರಂಟಿ ಅವಧಿಯಲ್ಲಿ ಹಿಂದಿರುಗುವ ಸರಕು. ಬಿಡಿಭಾಗದ ಬೆಲೆ, ಸಾಗಣೆ, ತಂತ್ರಜ್ಞರ ಓಡಾಟ ಲೆಕ್ಕಕ್ಕೆ ಸಿಗುತ್ತವೆ. ಕಳೆದುಕೊಂಡ ಗ್ರಾಹಕರ ವಿಶ್ವಾಸ ಸಿಗುವುದಿಲ್ಲ. ಸುಟ್ಟ ಭಾಗವನ್ನು ಬದಲಾಯಿಸಿದರೆ ಸಾಲದು, ಅದು ಸುಟ್ಟ ಕಾರಣವನ್ನು ಅರಿಯಬೇಕು. ಈ ಕಾರ್ಯದಲ್ಲಿ ಆಸಿಲೋಸ್ಕೋಪಿಗೆ ಜೋಡಿಸುವ ಅಧಿಕ ವೋಲ್ಟೇಜ್ ಪ್ರೋಬ್ ಬಹಳ ಸಹಕಾರಿ.

ಮಲ್ಟಿಮೀಟರ್ ಏಕೆ ಸಾಲದು?

230 ವೋಲ್ಟ್ ವಿದ್ಯುತ್ತಿನ ಶಿಖರ ಮೌಲ್ಯ ಸುಮಾರು 325 ವೋಲ್ಟ್. 415 ವೋಲ್ಟ್ ತ್ರೀ ಫೇಸಿನದು ಸುಮಾರು 587. ಇದರ ಮೇಲೆ ಮೈಕ್ರೋಸೆಕೆಂಡಿನೊಳಗೆ ಎದ್ದು ಮರೆಯಾಗುವ ಏರಿಕೆಗಳು ಸಾಮಾನ್ಯ ಮಲ್ಟಿಮೀಟರಿನ ಕಣ್ಣಿಗೆ ಬೀಳವು. ಆಸಿಲೋಸ್ಕೋಪ್ ಅವುಗಳನ್ನು ಚಿತ್ರಿಸಬಲ್ಲದಾದರೂ, ನೇರವಾಗಿ ತಾಳಿಕೊಳ್ಳುವುದು ಸಾಮಾನ್ಯವಾಗಿ ಕೆಲವು ನೂರು ವೋಲ್ಟ್ ಮಾತ್ರ. ಅಧಿಕ ವೋಲ್ಟೇಜ್ ಪ್ರೋಬ್ ಅದನ್ನು ನೂರರಲ್ಲಿ ಅಥವಾ ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿ ಒಪ್ಪಿಸುತ್ತದೆ.

ಪ್ರಮುಖ ಉಪಯೋಗಗಳು

1. ಮೋಟಾರು ಡ್ರೈವ್: ವಿ.ಎಫ್.ಡಿ. ಮತ್ತು ಮೋಟಾರಿನ ನಡುವಿನ ಕೇಬಲ್ ಉದ್ದವಾದಾಗ, ಪ್ರತಿಫಲನದಿಂದ ಮೋಟಾರಿನ ತುದಿಯಲ್ಲಿ ವೋಲ್ಟೇಜ್ ಸುಮಾರು ಇಮ್ಮಡಿಯಾಗಿ 1100 ವೋಲ್ಟ್ ದಾಟಬಹುದು. ಇದರಿಂದ ಇನ್ಸುಲೇಶನ್ ಹಾಳಾಗಿ ಮೋಟಾರು ಸುಟ್ಟರೆ, ದೂರು ರಿವೈಂಡಿಂಗ್ ಮಾಡಿದವರ ಮೇಲೆ ಬೀಳುತ್ತದೆ. ಮೋಟಾರಿನ ತುದಿಯಲ್ಲಿ ದಾಖಲಿಸಿದ ತರಂಗಚಿತ್ರವು ಕೇಬಲನ್ನು ಮೊಟಕುಗೊಳಿಸಬೇಕೇ, ಫಿಲ್ಟರ್ ಅಳವಡಿಸಬೇಕೇ ಎಂಬುದನ್ನು ತಿಳಿಸುವುದಲ್ಲದೆ, ವಿವಾದದಲ್ಲಿ ಸಾಕ್ಷ್ಯವೂ ಆಗುತ್ತದೆ.

2. ಎಸ್.ಎಂ.ಪಿ.ಎಸ್. ಮತ್ತು ಎಲ್.ಇ.ಡಿ. ಡ್ರೈವರ್: ಇವುಗಳಲ್ಲಿ 600 ಅಥವಾ 650 ವೋಲ್ಟಿನ ಮಾಸ್ಫೆಟ್ ಬಳಕೆ ಸಾಮಾನ್ಯ. ಮಾಸ್ಫೆಟ್ ಬಂದ್ ಆಗುವ ಕ್ಷಣದ ಏರಿಕೆ ಈ ಮಿತಿಯ ಸಮೀಪಕ್ಕೆ ಬಂದಲ್ಲಿ, ಪೂರೈಕೆ ವೋಲ್ಟೇಜ್ ಹೆಚ್ಚಿದ ದಿನ ಅದು ಸುಡುತ್ತದೆ. ಪೂರ್ಣ ಹೊರೆಯಲ್ಲಿ, 270 ವೋಲ್ಟ್ ಪೂರೈಕೆಯಲ್ಲಿ ಪರೀಕ್ಷಿಸಿದರೆ ಈ ದೌರ್ಬಲ್ಯ ಮಾರಾಟಕ್ಕೆ ಮುನ್ನವೇ ಬಯಲಾಗುತ್ತದೆ.

3. ಇಗ್ನಿಷನ್ ಕಾಯಿಲ್: ವಾಹನಗಳ ಇಗ್ನಿಷನ್ ಕಾಯಿಲಿನ ದ್ವಿತೀಯ ಸುರುಳಿಯಲ್ಲಿ ಹತ್ತಾರು ಸಾವಿರ ವೋಲ್ಟ್ ಉತ್ಪತ್ತಿಯಾಗುತ್ತದೆ. ಇದಕ್ಕೆ ಟೆಕ್ಟ್ರಾನಿಕ್ಸ್ ಪಿ-6015-ಎ ಮಾದರಿಯಂತಹ 1000:1 ಪ್ರೋಬ್ ಬೇಕು. ಅದು 20 ಸಾವಿರ ವೋಲ್ಟ್ ಡಿ.ಸಿ. ಹಾಗೂ ಅಲ್ಪಾವಧಿಯ ಸ್ಪಂದನಗಳಲ್ಲಿ 40 ಸಾವಿರ ವೋಲ್ಟ್ ತಾಳಬಲ್ಲದು.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆ

ಸಾಮಾನ್ಯ ಪ್ರೋಬಿನ ಕ್ಲಿಪ್ ಆಸಿಲೋಸ್ಕೋಪಿನ ಮೂಲಕ ಭೂಮಿಗೆ ಸೇರಿರುತ್ತದೆ. ಅದನ್ನು ಫೇಸ್ ತಂತಿಗೆ ಕಚ್ಚಿಸಿದರೆ ಶಾರ್ಟ್ ಆಗುತ್ತದೆ. ಇದನ್ನು ತಪ್ಪಿಸಲು ಕೆಲವೆಡೆ ಆಸಿಲೋಸ್ಕೋಪಿನ ಪ್ಲಗ್ಗಿನ ಅರ್ಥ್ ಪಿನ್ನನ್ನೇ ತೆಗೆದುಹಾಕುವ ರೂಢಿಯಿದೆ. ಆಗ ಉಪಕರಣದ ಇಡೀ ಲೋಹದ ಮೈಯಲ್ಲಿ ವಿದ್ಯುತ್ ಹರಿದು, ಮುಟ್ಟಿದವರ ಪ್ರಾಣಕ್ಕೆ ಕುತ್ತು ಬರುತ್ತದೆ. 100:1 ಪ್ರೋಬ್ ಕೊಂಡ ಮಾತ್ರಕ್ಕೂ ಈ ಅಪಾಯ ತಪ್ಪದು. ಅದರ ಕ್ಲಿಪ್ಪೂ ಭೂಮಿಗೇ ಸೇರಿರುತ್ತದೆ. ಭೂಮಿಗೆ ಸೇರದ ಎರಡು ಬಿಂದುಗಳ ನಡುವೆ ಅಳೆಯಲು ಡಿಫರೆನ್ಷಿಯಲ್ ಪ್ರೋಬ್ ಬಳಸುವುದೇ ಸರಿಯಾದ ಮಾರ್ಗ. ಪ್ರೋಬಿನ ಗರಿಷ್ಠ ವೋಲ್ಟೇಜ್ ಆವರ್ತನ ಹೆಚ್ಚಿದಂತೆ ಕುಗ್ಗುವುದರಿಂದ ತಯಾರಕರ ನಕ್ಷೆಯನ್ನೂ ನೋಡತಕ್ಕದ್ದು.

ಖರೀದಿ ಮತ್ತು ಲೆಕ್ಕಪತ್ರ

ಐ.ಇ.ಸಿ. 61010-031 ಮಾನದಂಡಕ್ಕೆ ಅನುಗುಣವಾಗಿರುವುದನ್ನು ಹಾಗೂ ಬಳಸುವ ಸ್ಥಳಕ್ಕೆ ತಕ್ಕ 'ಕ್ಯಾಟ್' ಶ್ರೇಣಿಯನ್ನು ಖರೀದಿಗೆ ಮುನ್ನ ಖಚಿತಪಡಿಸಿಕೊಳ್ಳಬೇಕು. ಎನ್.ಎ.ಬಿ.ಎಲ್. ಮಾನ್ಯತೆ ಪಡೆದ ಪ್ರಯೋಗಾಲಯದ ಕ್ಯಾಲಿಬ್ರೇಶನ್ ಪ್ರಮಾಣಪತ್ರವಿದ್ದರೆ ದೊಡ್ಡ ಖರೀದಿದಾರರ ಮುಂದೆ ಅಳತೆಗೆ ಬೆಲೆ ಬರುತ್ತದೆ. ವರ್ಷಕ್ಕೊಮ್ಮೆ ಮಾತ್ರ ಅಗತ್ಯ ಬೀಳುವವರು ಕೊಳ್ಳುವ ಬದಲು ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಲೇಸು.

ಪ್ರೋಬನ್ನು ಬಂಡವಾಳ ಸರಕೆಂದು ಲೆಕ್ಕದಲ್ಲಿ ತೋರಿಸಿದಾಗ, ಅದರ ಮೇಲೆ ತೆತ್ತ ಜಿ.ಎಸ್.ಟಿ.ಗೆ ನಿಯಮಾನುಸಾರ ಇನ್‌ಪುಟ್ ತೆರಿಗೆ ಜಮೆ ಪಡೆಯಬಹುದು. ಆದರೆ 2017ರ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 16(3)ನೇ ಪ್ರಕರಣದಂತೆ, ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ಪಡೆದಲ್ಲಿ ಆ ಜಮೆ ದೊರೆಯದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೂ ಈ ಸೌಲಭ್ಯವಿಲ್ಲ.

ಕೊಳ್ಳುವ ನಿರ್ಧಾರಕ್ಕೆ ಮುನ್ನ ಉದ್ಯಮಿಗಳು ಕಳೆದ ವರ್ಷ ವಾರಂಟಿಯಲ್ಲಿ ಹಿಂದಿರುಗಿದ ಸರಕಿನ ಒಟ್ಟು ವೆಚ್ಚವನ್ನು ಪ್ರತ್ಯೇಕವಾಗಿ ಬರೆದು ನೋಡುವುದು ಒಳಿತು. ಆ ಮೊತ್ತವನ್ನು ಪ್ರೋಬಿನ ಬೆಲೆಯ ಪಕ್ಕದಲ್ಲಿಟ್ಟಾಗ ಉತ್ತರ ತಾನಾಗಿಯೇ ದೊರೆಯುತ್ತದೆ. ಕಾರ್ಮಿಕರ ಸುರಕ್ಷತೆಯನ್ನು ಮಾತ್ರ ಈ ತಕ್ಕಡಿಯಲ್ಲಿ ತೂಗುವಂತಿಲ್ಲ.